ವಿಜ್ಞಾನದ ಪಾಠ ಊರಿನ ಪಾಠವಾಗಲಿ

ಪುಣೆಯ ಕನ್ನಡ ಬಂಧುಗಳೇ,

ಇದೇ ಊರಿನವರು ನಡೆಸಿದ ಒಂದು ಪರೀಕ್ಷೆಯಿಂದ ಮಾತು ಶುರು ಮಾಡುತ್ತೇನೆ. 2008ರಲ್ಲಿ ಖಗೋಳವಿಜ್ಞಾನಿ ಜಯಂತ ನಾರ್ಳೀಕರ್, ಮೂಢನಂಬಿಕೆಯ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಳ್ಕರ್ ಮತ್ತು ಸಂಗಡಿಗರು ಇನ್ನೂರು ಜಾತಕಗಳನ್ನು ಸಿದ್ಧಪಡಿಸಿದರು. ನೂರು ಓದಿನಲ್ಲಿ ಮುಂದಿದ್ದ ಮಕ್ಕಳವು, ನೂರು ಬುದ್ಧಿಮಾಂದ್ಯ ಮಕ್ಕಳವು. ಯಾವುದು ಯಾರದೆಂದು ಹೇಳಿ ಎಂದು ಜ್ಯೋತಿಷಿಗಳನ್ನು ಬಹಿರಂಗವಾಗಿ ಕರೆದರು. 27 ಮಂದಿ ತಲಾ 40 ಜಾತಕ ನೋಡಿ ಉತ್ತರ ಕಳಿಸಿದರು. ಸರಿಬಂದದ್ದು ಶೇ. 46. ನಾಣ್ಯ ಚಿಮ್ಮಿ ಹೇಳಿದ್ದರೂ ಸುಮಾರು ಅರ್ಧ ಸರಿಯಾಗುತ್ತಿತ್ತು.

ಇದಕ್ಕೆ ದುಬಾರಿ ಉಪಕರಣ ಬೇಕಿರಲಿಲ್ಲ. ಬೇಕಿದ್ದದ್ದು ಹೈಸ್ಕೂಲಿನ ಸಂಭವನೀಯತೆಯ ಲೆಕ್ಕ, ಮತ್ತು ಉತ್ತರವನ್ನು ಊರ ಮುಂದಿಡುವ ಧೈರ್ಯ. ಲೆಕ್ಕವನ್ನು ನಮ್ಮ ಶಾಲೆಗಳು ಕಲಿಸುತ್ತವೆ, ಧೈರ್ಯವನ್ನಲ್ಲ. ಆ ಧೈರ್ಯದ ಬೆಲೆಯೂ ಈ ಊರಿಗೆ ಗೊತ್ತು. 2013ರ ಆಗಸ್ಟ್ 20ರ ಬೆಳಿಗ್ಗೆ ವಾಕಿಂಗ್ ಹೋಗಿದ್ದ ದಾಭೋಳ್ಕರರನ್ನು ಇಲ್ಲೇ ಗುಂಡಿಟ್ಟು ಕೊಂದರು.

ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯವೆಂದು ಸಂವಿಧಾನಕ್ಕೆ ಸೇರಿದ್ದು 1976ರಲ್ಲಿ. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಕರ್ತವ್ಯವೇನೋ ಪುಸ್ತಕದಲ್ಲಿದೆ, ಅಭ್ಯಾಸ ಮಾತ್ರ ತರಗತಿಗೆ ಬರಲಿಲ್ಲ.

ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ ಎಂದು ತೂತು ಕೊರೆದ ಡಬ್ಬಿಯಲ್ಲಿ ಮಕ್ಕಳಿಗೆ ತೋರಿಸುತ್ತೇವೆ. 1961ರ ಜುಲೈ 12ರಂದು ಪಾನ್‌ಶೆತ್ ಅಣೆಕಟ್ಟು ಒಡೆದು, ಮುಠಾ ನದಿ ಪುಣೆಯ ಪೇಟೆಗಳಿಗೆ ನುಗ್ಗಿದ್ದನ್ನು ಆ ಪಾಠದಲ್ಲಿ ಹೇಳುತ್ತೇವೆಯೇ? ಕಾಮಗಾರಿ ಪೂರ್ತಿಯಾಗದ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದ್ದೇಕೆ, ನದಿದಂಡೆಯಲ್ಲಿ ಮನೆ ಕಳೆದುಕೊಂಡವರು ಯಾರು ಎಂಬ ಪ್ರಶ್ನೆಗಳೂ ಆ ಡಬ್ಬಿಯಿಂದಲೇ ಹುಟ್ಟಬೇಕು. ಇದು ಪಕ್ಷ ರಾಜಕಾರಣವಲ್ಲ. ಲೆಕ್ಕ ಕೇಳುವ ಪ್ರಜೆಯನ್ನು ಬೆಳೆಸುವ ಕೆಲಸ.

ಇದು ಆಗದ ಮಾತೇನಲ್ಲ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳು ಬಾಯಿಪಾಠ ಬಿಟ್ಟು, ಮಕ್ಕಳೇ ಪ್ರಯೋಗ ಮಾಡಿ ಕಲಿಯುವ ದಾರಿ ಹಿಡಿದವು. ನೂರಾರು ಶಾಲೆಗಳಿಗೆ ಹಬ್ಬಿದ ಆ ಕಾರ್ಯಕ್ರಮವನ್ನು ಸರ್ಕಾರ 2002ರಲ್ಲಿ ನಿಲ್ಲಿಸಿತು. ಊರಿನವರು ತಮ್ಮದೆಂದು ಕಾಯದಿದ್ದರೆ ಒಳ್ಳೆಯ ಶಿಕ್ಷಣವೂ ಒಂದು ಆದೇಶಕ್ಕೆ ಮುಗಿದುಹೋಗುತ್ತದೆ.

ನನ್ನ ಬೇಡಿಕೆ ಸಣ್ಣದು. ಎಂಟು, ಒಂಬತ್ತನೇ ತರಗತಿಯ ಮಕ್ಕಳು ವರ್ಷಕ್ಕೊಂದು ಊರಿನ ಪ್ರಶ್ನೆ ಹಿಡಿಯಲಿ: ನಲ್ಲಿಯ ನೀರು, ನದಿಯ ಕೊಳಕು, ಬೀದಿಯ ಹೊಗೆ. ಅವರೇ ಅಳೆಯಲಿ, ಬರೆದಿಡಲಿ, ತಪ್ಪಿದ್ದರೆ ತಿದ್ದಲಿ. ಆ ವರದಿಯನ್ನು ವಾರ್ಡಿನ ಜನರ ಮುಂದೆ, ನಗರಸೇವಕರ ಮುಂದೆ ಓದಲಿ. ಅದಕ್ಕೂ ಅಂಕ ಸಿಗಲಿ.

ಮುಂದಿನ ಪಾಲಕರ ಸಭೆಗೆ ಹೋದಾಗ ಮಗುವಿನ ಅಂಕ ಕೇಳುವ ಮೊದಲು, ಈ ವರ್ಷ ಅದು ಯಾವ ಪ್ರಶ್ನೆ ಕೇಳಿತು ಎಂದು ವಿಚಾರಿಸಿ. ಸುಧಾರಣೆ ಅಲ್ಲಿಂದಲೇ ಶುರುವಾಗಲಿ.