ಕಾವಲಿನಿಂದ ಕಳೆದುಹೋದ ಅದಿರು



ಹಿರಿಯ ವಕೀಲರೊಬ್ಬರ ಹೆಸರಿನ ಈ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದ ಕೊಂಡಪಲ್ಲಿಯ ಕನ್ನಡ ಬಂಧುಗಳಿಗೆ ಋಣಿ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ ಲಂಚ, ಬಲೆ, ಮಂಜೂರಾತಿಗಳ ವಿವರ ಯಾವ ಕೈಪಿಡಿಯಲ್ಲಾದರೂ ಸಿಗುತ್ತದೆ. ನನ್ನ ಪ್ರಶ್ನೆ ಬೇರೆ: ತಾನು ಕಾಸು ಮುಟ್ಟದೆ, ಸರ್ಕಾರದ ಸ್ವತ್ತು ಕಣ್ಣೆದುರೇ ಲೂಟಿಯಾಗುವಾಗ ಕೈಕಟ್ಟಿ ಕುಳಿತ ಅಧಿಕಾರಿ ಅಪರಾಧಿಯೇ?

ಅಂಕೋಲಾ ಬಳಿಯ ಬೇಲೇಕೇರಿ ಬಂದರನ್ನೇ ನೋಡಿ. 2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಅಲ್ಲಿ ಲಕ್ಷಗಟ್ಟಲೆ ಟನ್ ಕಬ್ಬಿಣದ ಅದಿರನ್ನು ಜಪ್ತಿ ಮಾಡಿತು. ಜೂನ್ ಹೊತ್ತಿಗೆ ಬಹುಪಾಲು ರಾಶಿ ಮಾಯ. ಅದಿರು ಕಿಸೆಗೆ ಹಾಕಿಕೊಂಡು ಹೋಗುವ ವಸ್ತುವಲ್ಲ. ಲೋಡರ್, ಟಿಪ್ಪರ್ ಬೇಕು. ಜೆಟ್ಟಿಯಿಂದ ಬಾರ್ಜಿಗೆ, ಬಾರ್ಜಿನಿಂದ ಕಡಲಲ್ಲಿ ಲಂಗರು ಹಾಕಿದ ಹಡಗಿಗೆ ಏರಿಸಬೇಕು. ಹಡಗು ಹೊರಡಲು ಬಂದರಿನ ಕಾಗದ, ಕಸ್ಟಮ್ಸ್ ಕಾಗದ ಬೇಕು. ಪ್ರಕರಣದ ಬೆನ್ನುಹತ್ತಿದ ಅರಣ್ಯಾಧಿಕಾರಿ ಆರ್. ಗೋಕುಲ್ ಅವರನ್ನೇ ಸರ್ಕಾರ ಅಮಾನತು ಮಾಡಲು ಹೊರಟಾಗ ಲೋಕಾಯುಕ್ತ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು, ಆಮೇಲೆ ಹಿಂಪಡೆದರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಾಸಕ ಸತೀಶ್ ಸೈಲ್ ಅವರ ಜೊತೆಗೆ ಬಂದರು ಅಧಿಕಾರಿಯೊಬ್ಬರಿಗೂ ಶಿಕ್ಷೆ ವಿಧಿಸಿತು. ಮರುತಿಂಗಳೇ ಸೈಲ್ ಅವರ ಶಿಕ್ಷೆಯನ್ನು ಹೈಕೋರ್ಟ್ ಅಮಾನತಿನಲ್ಲಿಟ್ಟಿತು. ಮೇಲ್ಮನವಿಯ ಗತಿ ಏನೇ ಆಗಲಿ, ಅಲ್ಲಿ ಸಾಬೀತು ಮಾಡಬೇಕಾದದ್ದು ಸಂಚು. ಸಂಚಿಗೆ ಸೇರದೆ ಸುಮ್ಮನಿದ್ದವರ ಗತಿಯೇನು?

ಅಂಥವರಿಗೆಂದು ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ 13(1)(ಡಿ) ಕಲಮಿನ ಮೂರನೆಯ ಉಪಖಂಡವಿತ್ತು. ಸಾರ್ವಜನಿಕ ಹಿತವಿಲ್ಲದೆ ಯಾರಿಗೋ ಲಾಭ ದೊರಕಿಸಿದರೆ ಅಪರಾಧವಾಗುತ್ತಿತ್ತು. ದುರುದ್ದೇಶವನ್ನು ರುಜುವಾತು ಮಾಡಬೇಕಿಲ್ಲ, ಸಾರ್ವಜನಿಕ ಹಿತದ ಬಗ್ಗೆ ಎದ್ದುಕಾಣುವ ಅಲಕ್ಷ್ಯವಿದ್ದರೆ ಸಾಕು ಎಂದು 2011ರಲ್ಲಿ ರುಣು ಘೋಷ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿತು. 2018ರ ತಿದ್ದುಪಡಿ ಆ ಖಂಡವನ್ನೇ ಕಿತ್ತುಹಾಕಿತು.

ಪ್ರಾಮಾಣಿಕರು ಕಡತ ಮುಟ್ಟಲೂ ಹೆದರುತ್ತಾರೆ ಎಂಬುದು ಕಿತ್ತವರ ವಾದ. ಆ ಖಂಡದಡಿ ವಿಚಾರಣೆ ಎದುರಿಸಿದ ಕಲ್ಲಿದ್ದಲು ಇಲಾಖೆಯ ಮಾಜಿ ಕಾರ್ಯದರ್ಶಿ ಎಚ್.ಸಿ. ಗುಪ್ತಾ ಅವರ ಹೆಸರನ್ನು ಮುಂದಿಡುತ್ತಾರೆ. ಆ ಕಳವಳ ಸುಳ್ಳಲ್ಲ. ಅದರಿಂದ ತೆಗೆದ ತೀರ್ಮಾನ ಮಾತ್ರ ಪೂರ್ತಿ ತಪ್ಪು. ಲೆಕ್ಕಾಚಾರ ತಪ್ಪುವುದು ಬೇರೆ, ಲಿಖಿತ ಎಚ್ಚರಿಕೆ ಮೇಜಿನ ಮೇಲಿದ್ದೂ ಕದಲದಿರುವುದು ಬೇರೆ. ಈ ಗೆರೆ ಎಳೆಯಲಾಗದು ಎನ್ನುವವರು 2005ರ ಜೇಕಬ್ ಮ್ಯಾಥ್ಯೂ ತೀರ್ಪನ್ನು ಓದಲಿ. ವೈದ್ಯರ ವಿಷಯದಲ್ಲಿ ಸುಪ್ರೀಂ ಕೋರ್ಟ್ ಘೋರ ನಿರ್ಲಕ್ಷ್ಯವಿದ್ದರೆ ಮಾತ್ರ ಕ್ರಿಮಿನಲ್ ಹೊಣೆ ಎಂದು ಗೆರೆ ಎಳೆದೇ ತೋರಿಸಿದೆ. ವೈದ್ಯರಿಗೆ ಸಲ್ಲುವುದು ಕಾರ್ಯದರ್ಶಿಗೆ ಏಕೆ ಸಲ್ಲದು?

ಇನ್ನು ನಾನು ಬಹುಕಾಲದಿಂದ ಒತ್ತಿ ಹೇಳುತ್ತಿರುವ ಮಾತು. ಹಿಂದಿನ ಭಾರತೀಯ ದಂಡ ಸಂಹಿತೆಯ 223ನೇ ಕಲಮಿನಂತೆ, ಕಾವಲಿನಲ್ಲಿದ್ದ ಕೈದಿ ಪೇದೆಯ ನಿರ್ಲಕ್ಷ್ಯದಿಂದ ತಪ್ಪಿಸಿಕೊಂಡರೆ ಪೇದೆಗೆ ಎರಡು ವರ್ಷದವರೆಗೆ ಸಾದಾ ಸಜೆ ಇತ್ತು. ಲಂಚ ತಿಂದನೇ ಎಂದು ಕೇಳಬೇಕಾಗಿರಲಿಲ್ಲ. ಅದರ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ನಿಯಮ ಉಳಿದಿದೆ. ಜೇಬುಗಳ್ಳನೊಬ್ಬ ಓಡಿಹೋದರೆ ಪೇದೆಗೆ ಜೈಲು. ಜಪ್ತಿಯಾದ ಅದಿರು ಹಡಗು ಹತ್ತಿದರೆ ನಿರ್ಲಕ್ಷ್ಯ ತೋರಿದ ಅಧಿಕಾರಿಗೆ ಇಲಾಖಾ ವಿಚಾರಣೆ! ಕೆಳದರ್ಜೆಯ ನೌಕರರ ಪರ ವಾದಿಸುತ್ತಿದ್ದ ಈ ದತ್ತಿಯ ಹಿರಿಯ ವಕೀಲರು ಈ ತಾರತಮ್ಯವನ್ನು ಖಂಡಿತ ಸಹಿಸುತ್ತಿರಲಿಲ್ಲ.

ಓಬಳಾಪುರಂ ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ 2025ರ ಮೇ 6ರಂದು ಹೈದರಾಬಾದಿನ ಸಿಬಿಐ ನ್ಯಾಯಾಲಯ ಗಣಿ ಇಲಾಖೆಯ ಮಾಜಿ ನಿರ್ದೇಶಕರಿಗೆ ಶಿಕ್ಷೆ ವಿಧಿಸಿ, ಮಾಜಿ ಕಾರ್ಯದರ್ಶಿಯನ್ನು ಬಿಡುಗಡೆ ಮಾಡಿತು. ಆ ಬಿಡುಗಡೆಯನ್ನು ನಾನು ಪ್ರಶ್ನಿಸುವುದಿಲ್ಲ. ಆರೋಪ ಸಾಬೀತಾಗದಿದ್ದರೆ ಬಿಡುವುದೇ ನ್ಯಾಯ. ನಾನು ಕೇಳುತ್ತಿರುವುದು ಮುಂದಿನ ಪ್ರಕರಣಗಳಿಗೆ ಒಂದು ಹೊಸ ಕಲಮು: ವಶದಲ್ಲಿರುವ ಸಾರ್ವಜನಿಕ ಸ್ವತ್ತಿನ ಬಗ್ಗೆ ಲಿಖಿತ ಎಚ್ಚರಿಕೆ ತಲುಪಿದ ಮೇಲೂ, ತಡೆಯುವ ಅಧಿಕಾರವಿದ್ದೂ ತಡೆಯದವರಿಗೆ 223ರಷ್ಟೇ ಸಜೆ. ಗುಮಾಸ್ತರೇ ಬಲಿಯಾಗುತ್ತಾರೆ ಎಂಬ ಆಕ್ಷೇಪ ಇಲ್ಲಿ ನಿಲ್ಲದು. ಅಪಾಯವನ್ನು ಟಿಪ್ಪಣಿಯಲ್ಲಿ ಬರೆದು ಮೇಲೆ ಕಳಿಸಿದ ಗುಮಾಸ್ತರು ಪಾರು. ಅದರ ಮೇಲೆ ‘ಚರ್ಚಿಸಿ’ ಎಂದು ಶರಾ ಬರೆದು ಕಡತ ವಾಪಸು ಕಳಿಸಿದವರು ಕಟಕಟೆಯಲ್ಲಿ ನಿಂತು ಉತ್ತರ ಹೇಳಬೇಕು.