ತಾಯಂದಿರಿಗೆ ತಿಳಿಸದ ಮಾತು

ಮಗುವಿನ ಮಾತು, ಒಡನಾಟ ಬೇರೆ ಬಗೆಯದಾಗಿ ವೈದ್ಯರು ಆಟಿಸಂ ಎಂದೊಡನೆ ನಮ್ಮ ಓಣಿಗಳಲ್ಲಿ ತಾಯಿಯ ಸಾಕಣೆಯನ್ನು ದೂರುತ್ತೇವೆ, ಇಲ್ಲವೆ ಲಸಿಕೆಯನ್ನು. ಎರಡೂ ಸುಳ್ಳು. ವಂಶವಾಹಿಗಳದೇ ದೊಡ್ಡ ಪಾಲು. ಆದರೆ ಬಸಿರಿನಲ್ಲಿ ನುಂಗಿದ ಒಂದು ಮಾತ್ರೆಯ ಲೆಕ್ಕವೂ ಸಿಕ್ಕಿದೆ: ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್. ಡೆನ್ಮಾರ್ಕಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಎಣಿಕೆಯಂತೆ, ತಾಯಿ ಅದನ್ನು ಸೇವಿಸಿದ್ದ ಮಕ್ಕಳಲ್ಲಿ ನೂರಕ್ಕೆ 4.4 ಮಂದಿಗೆ ಆಟಿಸಂ; ಉಳಿದವರಲ್ಲಿ 1.5.

ಫ್ರಾನ್ಸಿನಲ್ಲಿ 1967ರಿಂದ ಮಾರಿದ ಸರಕಿದು. ತಾಯಂದಿರಿಗೆ ಅಪಾಯವನ್ನು ತಿಳಿಸುವಲ್ಲಿ ಸನೋಫಿ ಕಂಪೆನಿ ತಪ್ಪಿತೆಂದು ಪ್ಯಾರಿಸ್ಸಿನ ನ್ಯಾಯಾಲಯ ಹೇಳಿದ್ದು 2022ರಲ್ಲಿ!

ಹಾಗೆಂದು ಯಾರೂ ತಾವಾಗಿ ಮಾತ್ರೆ ಬಿಡಬಾರದು. ಮೂರ್ಛೆ ಬಂದರೆ ಇಬ್ಬರ ಜೀವಕ್ಕೂ ಅಪಾಯ. ಬಸಿರಾಗುವ ಮೊದಲೇ ವೈದ್ಯರನ್ನು ಕೇಳಬೇಕು. ಈ ಎಚ್ಚರಿಕೆಯನ್ನು ಇ.ಎಸ್.ಐ. ದವಾಖಾನೆಗಳ ಗೋಡೆಗೆ ಕನ್ನಡದಲ್ಲಿ ಹಚ್ಚಬೇಕೆಂದು ನಾವು ಒತ್ತಾಯಿಸುತ್ತೇವೆ.