ಬೀರ್ ಗ್ಲಾಸು ಕೊಳ್ಳುವಾಗ ಯಾರ ಕೈ ನೋಡಬೇಕು?

ಕಾಕನಾಡಿನ ಇನ್ಫೋಪಾರ್ಕ್‌ನಿಂದ ಬಂದವರಿಗೂ, ತಿರುವನಂತಪುರದ ಟೆಕ್ನೋಪಾರ್ಕ್‌ನಿಂದ ರೈಲು ಹತ್ತಿ ಬಂದವರಿಗೂ ಫೋರ್ಟ್ ಕೊಚ್ಚಿಗೆ ಸ್ವಾಗತ. ಇವತ್ತಿನ ವಿಷಯ ಸಣ್ಣದು. ಮನೆಗೆ ಬೀರ್ ಗ್ಲಾಸು ತಗೊಳ್ಳೋದಾದ್ರೆ, ಬಾಯಿಂದ ಊದಿ ಕೈಯಲ್ಲಿ ಮಾಡಿದ್ದು ಬೇಕಾ, ಮಷೀನಿನಲ್ಲಿ ಮಾಡಿದ್ದು ಸಾಕಾ?

ಈ ಊರಲ್ಲಿ ನಿಂತು ಇದನ್ನ ಕೇಳೋದೇ ತಮಾಷೆ. ಲೈಸೆನ್ಸ್ ಇಲ್ಲದ ಹೋಟೆಲುಗಳಲ್ಲಿ ಬೀರು ಟೀ ಪಾಟ್‌ನಲ್ಲಿ ಬಂದು, ಪಿಂಗಾಣಿ ಮಗ್‌ಗೆ ಇಳೀತಿತ್ತು. ಹೆಸರು 'ಸ್ಪೆಷಲ್ ಟೀ'. (ನಗು) ಅಲ್ಲಿ ಪಾತ್ರೆಯ ಕೆಲಸ ಒಂದೇ, ಒಳಗಿರೋದನ್ನ ಮುಚ್ಚಿಡೋದು. ಗಾಜಿನ ಕೆಲಸ ಅದರ ಉಲ್ಟಾ.

ಮೊದಲು ರುಚಿ ವಿಷಯ ಮುಗಿಸಿಬಿಡೋಣ. ಗ್ಲಾಸು ಕೈಯಲ್ಲಿ ಮಾಡಿದ್ದಾ, ಮಷೀನಿಂದಾ ಅನ್ನೋದು ಬೀರಿಗೆ ಗೊತ್ತಾಗಲ್ಲ. ಅದಕ್ಕೆ ಗೊತ್ತಾಗೋದು ಗ್ಲಾಸಿನ ಆಕಾರ ಮತ್ತು ಶುಚಿ. ಬಾಯಿ ಸ್ವಲ್ಪ ಕಿರಿದಾಗಿದ್ರೆ ಪರಿಮಳ ನಿಲ್ಲುತ್ತೆ. ಗ್ಲಾಸಿನಲ್ಲಿ ಎಣ್ಣೆ ಜಿಡ್ಡಿದ್ರೆ ನೊರೆ ಕೂತೇ ಹೋಗುತ್ತೆ. ಕರಿಮೀನ್ ಫ್ರೈ ತಿಂದ ಕೈಯಲ್ಲಿ ಅಂಚು ಹಿಡಿದ್ರೆ ಮುಗೀತು ಕಥೆ. ಮೇಲಿಂದ ಕೊಚ್ಚಿಯ ಸೆಕೆ. ತಣ್ಣನೆ ಗ್ಲಾಸು ಎರಡು ನಿಮಿಷಕ್ಕೆ ಬೆವರಿ ಜಾರುತ್ತೆ. ಅದಕ್ಕೇ ಹಿಡಿ ಇರೋ ಮಗ್ಗು, ಅಥವಾ ಇಂಗ್ಲೆಂಡಿನ ಪಬ್ಬುಗಳಲ್ಲಿರೋ ಹಾಗೆ ಮೇಲ್ಭಾಗ ಸ್ವಲ್ಪ ಉಬ್ಬಿರೋ ಗ್ಲಾಸು ಇಲ್ಲಿಗೆ ಸರಿ. 330 ಎಂಎಲ್ ಹಿಡಿಯೋವಷ್ಟಿದ್ರೆ ಸಾಕು. 650 ಎಂಎಲ್ ಬಾಟಲಿಯನ್ನ ಎರಡು ಸಲ ಬಗ್ಗಿಸಿ ಕುಡೀರಿ, ಕೊನೆ ಗುಟುಕೂ ತಣ್ಣಗಿರುತ್ತೆ.

ಹಾಗಾದ್ರೆ ವ್ಯತ್ಯಾಸ ಎಲ್ಲಿ? ಮಷೀನು ಒಂದೇ ತೂಕದ ಗಾಜಿನ ಮುದ್ದೆಯನ್ನ ಅಚ್ಚಿಗೆ ಬೀಳಿಸಿ ಒತ್ತುತ್ತೆ, ಗಾಳಿ ತುಂಬುತ್ತೆ. ಗೋಡೆ ಹೆಚ್ಚುಕಮ್ಮಿ ಒಂದೇ ದಪ್ಪ. ಕೈಕೆಲಸದಲ್ಲಿ ಕರಗಿದ ಗಾಜನ್ನ ಕಬ್ಬಿಣದ ಕೊಳವೆ ತುದಿಗೆ ಸುತ್ತಿ ಊದುತ್ತಾರೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು, ನಡುವೆ ಒಂದೆರಡು ಗುಳ್ಳೆ. ನಮಗೆ ಚಂದ ಕಾಣೋದೂ ಅದೇ, ಬಿಸಿನೀರು ಬಿದ್ದಾಗ ಬಿರುಕು ಬಿಡೋದೂ ಅಲ್ಲೇ. ದಪ್ಪ ಭಾಗ, ತೆಳು ಭಾಗ ಒಂದೇ ವೇಗದಲ್ಲಿ ಹಿಗ್ಗಲ್ಲ.

ಎರಡಕ್ಕೂ ಬೇಕಾದ್ದು ಅನೀಲಿಂಗ್. ಅಂದ್ರೆ ಸುಮಾರು 500 ಡಿಗ್ರಿಯಿಂದ ನಿಧಾನವಾಗಿ ಆರಿಸೋದು. ಅವಸರ ಮಾಡಿದ್ರೆ ಒಳಗೆ ಒತ್ತಡ ಉಳಿಯುತ್ತೆ. ಇದನ್ನ ನೋಡೋ ಉಪಾಯ ನಿಮ್ಮ ಬ್ಯಾಗಿನಲ್ಲೇ ಇದೆ. ಎಲ್‌ಸಿಡಿ ಲ್ಯಾಪ್‌ಟಾಪಿನಲ್ಲಿ ಬರೀ ಬಿಳಿ ಪರದೆ ತೆರೀರಿ. ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನ ಕಣ್ಣ ಮುಂದೆ ಹಿಡಿದು, ಪರದೆ ಕಪ್ಪಾಗೋ ತನಕ ತಿರುಗಿಸಿ. ಈಗ ಮಧ್ಯೆ ಬೀರ್ ಗ್ಲಾಸು ಹಿಡೀರಿ. ಒತ್ತಡ ಇರೋ ಕಡೆ ಬೆಳಕಿನ ಪಟ್ಟೆ, ಕೆಲವು ಸಲ ಕಾಮನಬಿಲ್ಲಿನ ಬಣ್ಣ ಕಾಣುತ್ತೆ. ಟೆಂಪರ್ಡ್ ಗ್ಲಾಸಿನಲ್ಲೂ ಪಟ್ಟೆ ಕಾಣುತ್ತೆ, ಆದ್ರೆ ಅಲ್ಲಿ ಗಟ್ಟಿಯಾಗ್ಲಿ ಅಂತ ಬೇಕಂತಲೇ ಒತ್ತಡ ಕೂರಿಸಿರ್ತಾರೆ. ಅದು ಒಡೆದ್ರೂ ಚೂಪು ಚೂರಾಗೋದು ಕಡಿಮೆ, ಹರಳು ಹರಳಾಗಿ ಉದುರುತ್ತೆ.

ಈಗ ಅಸಲು ವಿಷಯ. 'ಹ್ಯಾಂಡ್‌ಮೇಡ್' ಅಂತ ಚೀಟಿ ನೋಡಿದ ತಕ್ಷಣ ನಮಗೆ ಏನೋ ಪುಣ್ಯದ ಕೆಲಸ ಮಾಡಿದ ಹಾಗೆ ಅನ್ಸುತ್ತೆ. ಕೈಯಲ್ಲಿ ಮಾಡಿದ್ದು ಸರಿ, ಆದ್ರೆ ಯಾರ ಕೈ? ನಮ್ಮ ದೇಶದಲ್ಲಿ ಗಾಜಿನ ಕೈಕೆಲಸಕ್ಕೆ ದೊಡ್ಡ ಹೆಸರು ಉತ್ತರ ಪ್ರದೇಶದ ಫಿರೋಜಾಬಾದ್. ನಮ್ಮ ತಾಯಂದಿರ ಗಾಜಿನ ಬಳೆಯ ಊರು. ತಾಜ್ ಮಹಲಿಗೆ ಹೊಗೆ ತಾಕದಿರ್ಲಿ ಅಂತ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 30ರಂದು ಆ ವಲಯದ ಕಾರ್ಖಾನೆಗಳಿಗೆ ಕಲ್ಲಿದ್ದಲು ಬಿಡಿ ಅಂತು, ಕುಲುಮೆಗಳು ಗ್ಯಾಸಿಗೆ ಬದಲಾದವು. ತಾಜ್‌ಗೆ ಹೊಗೆ ಕಮ್ಮಿಯಾಯ್ತು. ಕುಲುಮೆ ಮುಂದೆ ನಿಲ್ಲೋರಿಗೆ ಬಿಸಿ ಕಮ್ಮಿಯಾಗ್ಲಿಲ್ಲ. ಮಕ್ಕಳನ್ನ ದುಡಿಸಿದ ಕಳಂಕವೂ ಆ ಉದ್ಯಮಕ್ಕೆ ಅಂಟಿಕೊಂಡಿದೆ. ಹಾಗಂತ ಕೈಕೆಲಸ ಕೊಳ್ಳಬೇಡಿ ಅನ್ನೋದಲ್ಲ, ಕೊಳ್ಳದಿದ್ರೆ ಅವರ ಕೂಲಿಯೂ ಹೋಗುತ್ತೆ. ಯಾವ ಊರಿನದು, ಯಾರು ಮಾಡಿದ್ದು ಅಂತ ಕೇಳಿ. ಹೆಸರು ಹೇಳೋಕಾಗದ ಅಂಗಡಿಗೆ ಹೆಚ್ಚು ದುಡ್ಡು ಕೊಟ್ರೆ, ಅದು ಊದಿದವನ ಕೈ ಸೇರುತ್ತೆ ಅನ್ನೋ ಭರವಸೆ ಇಲ್ಲ.

ಎರಡನೇ ಕೈ ತೊಳೆಯೋರದ್ದು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಶನಿವಾರ ರಾತ್ರಿಯ ಗ್ಲಾಸನ್ನ ಭಾನುವಾರ ಬೆಳಿಗ್ಗೆ ತೊಳೆಯೋದು ಕೆಲಸಕ್ಕೆ ಬರೋ ಚೇಚಿ. ತೆಳು ಅಂಚಿನ ಗ್ಲಾಸು ನಮ್ಮ ತುಟಿಗೆ ಹಿತ. ಸೋಪಿನ ನೀರಲ್ಲಿ, ಕುಕ್ಕರಿನ ಪಕ್ಕದಲ್ಲಿ ಅದು ಸೀಳಿದ್ರೆ ಕುಯ್ಯೋದು ಅವರ ಬೆರಳನ್ನ. ಕುಡಿಯೋರು ನಾವು, ಗಾಯ ಅವರಿಗೆ.

ಮಟ್ಟಾಂಚೇರಿಯ ಸಿನಗಾಗಿಗೆ ಹೋದವರು ನೆಲ ನೋಡಿರ್ತೀರಿ. ಚೀನಾದಿಂದ ಬಂದ, ಕೈಯಲ್ಲಿ ಬಣ್ಣ ಬರೆದ ನೀಲಿ-ಬಿಳಿ ಟೈಲ್ಸು, ಹದಿನೆಂಟನೇ ಶತಮಾನದ್ದು. ಇವತ್ತಿಗೂ ಉಳಿದಿದೆ. ಯಾಕಂದ್ರೆ ಅದು ಹಾಕಿದ ಜಾಗ ಬಿಟ್ಟು ಕದಲಿಲ್ಲ, ಜನ ಚಪ್ಪಲಿ ಬಿಟ್ಟು ಒಳಗೆ ಹೋಗ್ತಾರೆ. ನಮ್ಮದು ಹನ್ನೊಂದು ತಿಂಗಳ ಅಗ್ರಿಮೆಂಟಿನ ಮನೆ. ಪ್ಯಾಕರ್ಸ್ ಡಬ್ಬಿಯಲ್ಲಿ ಗ್ಲಾಸೂ ನಮ್ಮ ಜೊತೆ ಊರೂರು ತಿರುಗುತ್ತೆ.

ಅದಕ್ಕೇ ನನ್ನ ಲೆಕ್ಕ ಹೀಗೆ. ಗೆಳೆಯರು ಸೇರೋ ದಿನಕ್ಕೆ, ದಿನಬಳಕೆಗೆ ಮಷೀನಿನ ಆರು ಗ್ಲಾಸು, ಸಿಕ್ಕಿದ್ರೆ ಟೆಂಪರ್ಡ್. ಒಂದು ಒಡೆದ್ರೆ ಅದೇ ಥರದ್ದು ಇನ್ನೊಂದು ಸಿಗುತ್ತೆ. ಕೈಕೆಲಸದ್ದು ಎರಡೇ ಎರಡು ಇರ್ಲಿ. ಮಟ್ಟಸವಾದ ಮೇಜಿನ ಮೇಲಿಟ್ಟು ಅಲ್ಲಾಡುತ್ತಾ ನೋಡಿ, ಅಂಚಿಗೆ ಬೆರಳು ಸವರಿ, ತಳದಲ್ಲಿ ಸರಳಿನಿಂದ ಮುರಿದ ಗುರುತಿದ್ರೆ ನುಣ್ಣಗೆ ಉಜ್ಜಿದ್ದಾರಾ ನೋಡಿ. ಒಂದು ಷರತ್ತು ಮಾತ್ರ ಇದೆ. ಆ ಎರಡನ್ನ ಸಿಂಕಿಗೆ ಹಾಕ್ಬೇಡಿ, ಕುಡಿದವರೇ ತೊಳೆದಿಡಿ.

ಯಾವುದೇ ಒಡೆದ್ರೂ ಚೂರನ್ನ ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ ಮಲಯಾಳಂನಲ್ಲಿ 'ಚಿಲ್ಲು' ಅಂತ ಬರೀರಿ. ಗಾಜಿಗೆ ಇಲ್ಲಿ ಹಾಗೇ ಅನ್ನೋದು. ಬರೆಯೋಕೆ ಬರದಿದ್ರೆ ಪಕ್ಕದ ಮನೆಯವರನ್ನ ಕೇಳಿ. ಬೇರೆ ಕಸದ ಜೊತೆ ಸೇರಿಸದೆ ಹರಿತ ಕರ್ಮ ಸೇನೆಯವರಿಗೆ ಹೇಳಿ ಕೊಡಿ. ಆ ಕಟ್ಟು ಎತ್ತಿಕೊಂಡು ಹೋಗೋದೂ ಒಬ್ಬ ಹೆಂಗಸಿನ ಕೈ.

ಪ್ರಶ್ನೆ ಇದ್ರೆ ಕೇಳಿ.